ಬೆನ್ನಿಗೊಂದು ಪೈಪು

ಜೂನ್ 10, 2025, ಮಂಗಳವಾರ

ಕೊಪ್ಪಳದ ಕಡೆಯ ಹೆಂಗಸು, ಐವತ್ತರ ಆಸುಪಾಸು. ಗರ್ಭಕಂಠದ ಕ್ಯಾನ್ಸರ್. ಕ್ರಿಯಾಟಿನಿನ್ 5 ದಾಟಿತ್ತು. ಅಲ್ಟ್ರಾಸೌಂಡ್ ಇಟ್ಟ ಕೂಡಲೇ ಕಾರಣ ಕಂಡಿತು. ಗಂಟು ಪಕ್ಕಕ್ಕೆ ಹಬ್ಬಿ ಎರಡೂ ಮೂತ್ರನಾಳಗಳನ್ನು ಅಮುಕಿದೆ, ಕಿಡ್ನಿಗಳು ಊದಿಕೊಂಡಿವೆ. ರೇಡಿಯೇಶನ್ ಜೊತೆ ವಾರವಾರ ಕೊಡಬೇಕಾದ ಸಿಸ್‌ಪ್ಲಾಟಿನ್ ಕಿಡ್ನಿಗೇ ಏಟು ಕೊಡುವ ಔಷಧ. ಈ ಸ್ಥಿತಿಯಲ್ಲಿ ಅದರ ಮಾತೇ ಇಲ್ಲ. ಮೊದಲು ಬೆನ್ನಿನಿಂದ ಕಿಡ್ನಿಗೆ ಪೈಪು ಹಾಕಿ, ಕಟ್ಟಿಕೊಂಡ ಮೂತ್ರವನ್ನು ಹೊರಗೆ ಬಿಡಬೇಕು.

ಮಗ ಕೇಳಿದ: “ರೋಗ ಗರ್ಭಚೀಲದಾಗ ಐತಿ ಅಂತೀರಿ, ಬೆನ್ನಾಗ ಯಾಕ ಪೈಪ್ ಹಾಕ್ತೀರ್ರಿ ಸರ?”

ನ್ಯಾಯವಾದ ಪ್ರಶ್ನೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಆತ ಅದನ್ನು ಮಡಚಿ ಜೇಬಿಗಿಟ್ಟುಕೊಂಡ.

ಎಡ ಕಿಡ್ನಿಯ ಹೊರಪದರ ಇನ್ನೂ ದಪ್ಪವಿತ್ತು. ಚೇತರಿಸಿಕೊಳ್ಳುವ ಶಕ್ತಿ ಇರುವುದು ಅದಕ್ಕೇ, ಹಾಗಾಗಿ ಮೊದಲು ಅತ್ತಲೇ. ಬೋರಲು ಮಲಗಿಸಿ, ಚರ್ಮ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಇಳಿಸಿದೆ. ಅದರೊಳಗಿಂದ ತಂತಿ, ತಂತಿಯ ಮೇಲೆ ಪೈಪು. ಮೂತ್ರ ಧಾರೆಯಾಗಿ ಬಂತು. ಅಷ್ಟು ಹೊತ್ತೂ ಆಕೆ ಒಂದು ಸಲವೂ ನರಳಲಿಲ್ಲ. ಆ ಸೈರಣೆ ನೋಡಿ ನನಗೇ ಸಂಕಟವಾಯಿತು.

ಜೂನ್ 12, ಗುರುವಾರ

ಕ್ಯಾನ್ಸರ್ ವೈದ್ಯರೆಲ್ಲ ಸೇರುವ ಟ್ಯೂಮರ್ ಬೋರ್ಡ್ ಸಭೆ. ಗುದನಾಳದ ಕ್ಯಾನ್ಸರಿನ ಒಬ್ಬರ ಎಂಆರ್‌ಐ. ಕಿರಿಯರ ವರದಿಯಲ್ಲಿ ಗಂಟು ಪೊರೆಗೆ ಹತ್ತಿರವಿದೆ ಎಂದಷ್ಟೇ ಇತ್ತು. ಎಲ್ಲರೆದುರೇ ಅಳೆಯಿಸಿದೆ: 1 ಮಿಲಿಮೀಟರಿಗೂ ಕಡಿಮೆ. ಗುದನಾಳದ ಸುತ್ತ ಕೊಬ್ಬು, ಕೊಬ್ಬಿನ ಸುತ್ತ ತೆಳುವಾದ ಪೊರೆ. ಸರ್ಜನ್ ಆ ಪೊರೆಸಮೇತ ಇಡಿಯಾಗಿ ಬಿಡಿಸಿ ತೆಗೆಯುತ್ತಾರೆ. ಗಂಟು ಪೊರೆಗೆ ಅಂಟಿಕೊಂಡಿದ್ದರೆ ಕತ್ತರಿಸಿದ ಅಂಚಿನಲ್ಲೇ ರೋಗ ಉಳಿದು ಮರಳಿ ಬರಬಹುದು. ಯುರೋಪಿನ ಮರ್ಕ್ಯುರಿ ಅಧ್ಯಯನ ಈ ಅಂತರವನ್ನು ಎಂಆರ್‌ಐಯಲ್ಲಿ ಮೊದಲೇ ನಂಬಿಕೆಯಿಂದ ಹೇಳಬಹುದೆಂದು 2006ರಲ್ಲೇ ತೋರಿಸಿತು. ಆಪರೇಶನ್ ಮುಂದಕ್ಕೆ ಹೋಯಿತು. ಮೊದಲು ರೇಡಿಯೇಶನ್, ಕೀಮೋ.

ಕ್ಯಾನ್ಸರ್ ಇದೆ ಎಂಬುದು ಬಯಾಪ್ಸಿಯಲ್ಲೇ ಗೊತ್ತಾಗಿರುತ್ತದೆ. ಅದನ್ನೇ ಮತ್ತೆ ಬರೆದುಕೊಟ್ಟರೆ ಯಾರಿಗೂ ಉಪಯೋಗವಿಲ್ಲ. ಮೊದಲು ಚಾಕುವೋ ಕಿರಣವೋ, ಅದಕ್ಕೆ ಉತ್ತರ ನಮ್ಮ ಸ್ಕ್ಯಾನ್ ವರದಿಯಲ್ಲಿರಬೇಕು.

ಜೂನ್ 20, ಶುಕ್ರವಾರ

ಕೊಪ್ಪಳದವರ ಕ್ರಿಯಾಟಿನಿನ್ 1.2ಕ್ಕೆ ಇಳಿದಿದೆ! ಧೈರ್ಯವಾಗಿ ಕಾಂಟ್ರಾಸ್ಟ್ ಕೊಟ್ಟು ಸಿಟಿ ಮಾಡಿದೆವು. ಬಲಗಡೆ ಕಿಬ್ಬೊಟ್ಟೆಯ ರಕ್ತನಾಳದ ಪಕ್ಕ ಒಂದು ದುಗ್ಧಗ್ರಂಥಿ ದಪ್ಪಗಾಗಿದೆ. ಮೇಲೆ ಮಹಾಪಧಮನಿಯ ಸುತ್ತ ಏನೂ ಇಲ್ಲ. ಇದ್ದಿದ್ದರೆ ಕಿರಣದ ಕ್ಷೇತ್ರವನ್ನು ಅಲ್ಲಿಯವರೆಗೂ ಎತ್ತರಿಸಬೇಕಾಗುತ್ತಿತ್ತು.

ಗರ್ಭಕಂಠದ ಕ್ಯಾನ್ಸರ್ ಯಾವ ಘಟ್ಟದಲ್ಲಿದೆ ಎಂದು ಹೇಳುವ ಫಿಗೋ ಪದ್ಧತಿಯಲ್ಲಿ 2018ರವರೆಗೆ ಇಂಥ ಗ್ರಂಥಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಈ ರೋಗ ಹೆಚ್ಚಾಗಿ ಕಾಡುವುದು ಬಡ ದೇಶಗಳನ್ನು. ಸ್ಕ್ಯಾನ್ ಇಲ್ಲದ ಊರಿನ ವೈದ್ಯರೂ ಕೈಯಿಂದ ಪರೀಕ್ಷಿಸಿ ಘಟ್ಟ ಹೇಳುವಂತಿರಬೇಕು ಎಂಬ ಕಾಳಜಿ ಅದರ ಹಿಂದಿತ್ತು. ಕಾಳಜಿ ಸರಿಯಾದದ್ದೇ. ಆದರೆ ಬೆರಳಿಗೆ ಸಿಗದ ಗ್ರಂಥಿಯಿಂದಲೇ ಎಷ್ಟೋ ಹೆಂಗಸರಿಗೆ ರೋಗ ಮರುಕಳಿಸಿದೆ. ಸ್ಕ್ಯಾನನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಒಳ್ಳೆಯದಾಯಿತು. ಇನ್ನು ಆ ಸ್ಕ್ಯಾನ್ ಕೊಪ್ಪಳದ ಹತ್ತಿರದಲ್ಲೇ, ಖರ್ಚಿಲ್ಲದೆ ಸಿಗಬೇಕು.

ಸೋಮವಾರದಿಂದ ರೇಡಿಯೇಶನ್, ಸಿಸ್‌ಪ್ಲಾಟಿನ್ ಎರಡೂ.

ಜುಲೈ 29, ಮಂಗಳವಾರ

ಹೊರಗಿನಿಂದ ಕೊಡುವ ಕಿರಣ ಮುಗಿದು ಇಂದು ಒಳಗಿನಿಂದಲೇ ಕಿರಣ ಕೊಡುವ ಬ್ರೇಕಿಥೆರಪಿ ಶುರು. ಉಪಕರಣ ಒಳಗಿಟ್ಟು ಹಾಗೆಯೇ ಎಂಆರ್‌ಐ ಮಾಡಿದೆವು. ಎಡಗಡೆ ಗಂಟು ಕರಗಿದೆ. ಬಲಗಡೆ ಸೊಂಟದ ಗೋಡೆಯತ್ತ ಇನ್ನೂ ಚಾಚಿಕೊಂಡಿದೆ. ಎಕ್ಸ್-ರೇ ನೋಡಿ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ಎಲ್ಲರಿಗೂ ಒಂದೇ ಬಿಂದು: ಗರ್ಭಕಂಠದ ಬಾಯಿಂದ 2 ಸೆಂಟಿಮೀಟರ್ ಮೇಲೆ, 2 ಸೆಂಟಿಮೀಟರ್ ಪಕ್ಕಕ್ಕೆ. ಗಂಟು ಅದರಾಚೆ ಇದ್ದರೆ ಕಿರಣ ಸಾಲುತ್ತಿರಲಿಲ್ಲ. ಇಂದು ಉಳಿದ ಗಂಟನ್ನೂ ಮೂತ್ರಕೋಶ, ಗುದನಾಳಗಳ ಗೋಡೆಯನ್ನೂ ರೇಡಿಯೇಶನ್ ಡಾಕ್ಟರ ಜೊತೆ ಕೂತು ಒಂದೊಂದು ಚಿತ್ರದಲ್ಲೂ ಗೆರೆ ಹಾಕಿ ಗುರುತಿಸಿದೆ. ಮುಂದಿನ ಸರದಿಗೆ ಬಲಗಡೆ ಸೂಜಿಗಳನ್ನೂ ಸೇರಿಸುತ್ತಾರೆ. ಆಗಲೂ ಎಂಆರ್‌ಐ ಬೇಕೆಂದು ಬರೆದುಕೊಟ್ಟೆ. ಅಷ್ಟರಲ್ಲಿ ಗಂಟು ಇನ್ನಷ್ಟು ಕುಗ್ಗಿದ್ದರೆ ಗೆರೆಗಳನ್ನು ಹೊಸದಾಗಿ ಹಾಕಬೇಕು.