ಮೊದಲು ಸಿಮ್, ಆಮೇಲೆ ಫೋನ್



ಉದ್ಯೋಗಕ್ಕೆ ಸೇರಿದ ಯುವಕರು ಮೊದಲ ಸಂಬಳದಲ್ಲಿ ಸ್ಮಾರ್ಟ್‌ಫೋನ್ ಕೊಳ್ಳುತ್ತಾರೆ. ಅದಕ್ಕೆ ಯಾವ ಕಂಪನಿಯ ಸಿಮ್ ಹಾಕಬೇಕೆಂಬ ಯೋಚನೆ ಬರುವುದು ಅಂಗಡಿಯ ಮೆಟ್ಟಿಲಿಳಿಯುವಾಗ. ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಅಭಿಪ್ರಾಯ.

ಮಲೆನಾಡಿನ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ ಗುರುಗಳಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಮಧ್ಯರಾತ್ರಿ ರೋಗಿಯ ಮನೆಯವರು ಅಂತ್ಯಾಭ್ಯಂಗಕ್ಕಾಗಿ ಮಾಡುವ ಕರೆ ಗುರುಗಳ ಕೋಣೆಯನ್ನು ಮುಟ್ಟದಿದ್ದರೆ, ಫೋನಿನ ಬೆಲೆ ಎಷ್ಟಿದ್ದರೇನು? ರಾತ್ರಿ ಪಾಳಿಯ ದಾದಿಗೂ, ಕಾಫಿ ತೋಟದ ರೈಟರಿಗೂ, ಬಾಡಿಗೆ ಕಾರಿನ ಚಾಲಕನಿಗೂ ಮೊದಲ ಪ್ರಶ್ನೆ ಇದೇ: ಕರೆ ನನ್ನನ್ನು ಎಲ್ಲಿ ಮುಟ್ಟಬೇಕು?

700, 850, 900 ಮೆಗಾಹರ್ಟ್ಸ್‌ನ ತರಂಗಗಳು ದೂರ ಸಾಗುತ್ತವೆ, ಗೋಡೆಗಳನ್ನೂ ಹಾಯುತ್ತವೆ. 2300 ಅಥವಾ 3300 ಮೆಗಾಹರ್ಟ್ಸ್‌ನವು ಬೇಗನೆ ಕ್ಷೀಣಿಸುತ್ತವೆ. ಹೀಗಾಗಿ ಮಂಗಳೂರಿನ ಪೇಟೆಯಲ್ಲಿ ಮಿಂಚಿನಂತೆ ಓಡುವ ನೆಟ್‌ವರ್ಕ್ ಸಕಲೇಶಪುರದ ತೋಟದೊಳಗೆ ಮೂಕವಾಗಬಹುದು. 2025ರಿಂದ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಗಳನ್ನು ಪ್ರಕಟಿಸುತ್ತಿವೆ. ಅವನ್ನು ಅವಶ್ಯ ನೋಡಿರಿ, ಆದರೆ ನಿಮ್ಮ ಮನೆಯ ಕೆಂಪುಕಲ್ಲಿನ ಗೋಡೆ ಆ ನಕ್ಷೆಯಲ್ಲಿರುವುದಿಲ್ಲ. ಬೇರೆ ಕಂಪನಿಯ ಸಿಮ್ ಇರುವ ಸಹೋದ್ಯೋಗಿಯನ್ನು ನೀವು ಕೆಲಸ ಮಾಡುವ ಒಳಕೋಣೆಗೇ ಕರೆದೊಯ್ದು ಅಲ್ಲಿಂದ ಮಾತನಾಡಿಸಿರಿ. ರಾತ್ರಿ ಒಂಬತ್ತಕ್ಕೆ ಮತ್ತೊಮ್ಮೆ ಪರೀಕ್ಷಿಸಿರಿ. ಊರೆಲ್ಲ ವಿಡಿಯೋ ನೋಡುವ ಹೊತ್ತು ಅದು! ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದವರಿಗೆ ವೈಫೈ ಮೂಲಕವೇ ಸಾಮಾನ್ಯ ಕರೆ ಸ್ವೀಕರಿಸುವ ಸೌಲಭ್ಯವೂ ಉಂಟು.

'ಕಂಪನಿ ಬದಲಿಸಿದರೆ ನಂಬರ್ ಹೋಗುವುದಲ್ಲವೇ?' ಎಂದು ಅಂಜುವವರು ಇಂದಿಗೂ ಇದ್ದಾರೆ. ನಂಬರ್ ಉಳಿಸಿಕೊಂಡೇ ಬದಲಿಸುವ ಅವಕಾಶ ದೇಶದಾದ್ಯಂತ ದೊರೆತದ್ದು 2011ರ ಜನವರಿ 20ರಂದು. 2015ರ ಜುಲೈಯಿಂದ ಬೇರೆ ರಾಜ್ಯಕ್ಕೆ ಹೋದರೂ ಅದೇ ನಂಬರ್ ನಡೆಯುತ್ತದೆ. ಇಂಗ್ಲಿಷಿನಲ್ಲಿ 'ಪೋರ್ಟ್' ಎಂದು ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿದರೆ ಒಂದು ಸಂಕೇತ ಬರುತ್ತದೆ. ಅದನ್ನೂ ಗುರುತಿನ ಚೀಟಿಯನ್ನೂ ಹೊಸ ಕಂಪನಿಯವರ ಬಳಿಗೆ ಒಯ್ಯಬೇಕು. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಬಿಲ್ ಬಾಕಿ ಇರಬಾರದು.

ಇನ್ನು ಫೋನು. ಆರಿಸಿದ ಕಂಪನಿಯ ತರಂಗಾಂತರಗಳನ್ನು ಅದು ಹಿಡಿಯುವುದೇ ಎಂದು ಮೊದಲು ವಿಚಾರಿಸಿರಿ. ಬಿಎಸ್‌ಎನ್‌ಎಲ್‌ನ 4ಜಿ ಸೇವೆ 700 ಮೆಗಾಹರ್ಟ್ಸನ್ನೂ ಬಳಸುತ್ತದೆ, ಕೆಲವು ಹಳೆಯ ಫೋನುಗಳಿಗೆ ಅದು ನಿಲುಕದು. ಜಿಯೋಗೆ 2ಜಿ ಜಾಲವೇ ಇಲ್ಲ. ಆಮೇಲೆ ಪಾಳಿ ಮುಗಿಯುವವರೆಗೆ ಉಳಿಯುವ ಬ್ಯಾಟರಿ, ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಸಿಗುವುದೆಂಬ ಭರವಸೆ, ಎರಡು ಸಿಮ್‌ಗಳಿಗೆ ಸ್ಥಳ. ಎರಡನೆಯ ಸಿಮ್ ಬೇರೊಂದು ಕಂಪನಿಯದಾಗಿರಲಿ. ಒಂದೇ ಕಂಪನಿಯ ಎರಡು ಸಿಮ್‌ಗಳನ್ನು ಇಟ್ಟುಕೊಂಡವರನ್ನು ಕಂಡರೆ ನನಗೆ ಸೋಜಿಗವೆನಿಸುತ್ತದೆ. ಟವರ್ ಕೆಟ್ಟ ದಿನ ಎರಡೂ ಒಟ್ಟಿಗೆ ಮಲಗುತ್ತವೆ. ಕ್ಯಾಮೆರಾದ ಮಾತು ಛಾಯಾಗ್ರಾಹಕರಿಗಿರಲಿ.

ತೋಟದ ಕೂಲಿಕಾರರಲ್ಲಿ, ನಮ್ಮ ಮನೆಯ ಹಿರಿಯರಲ್ಲಿ ಅನೇಕರು ಇಂಟರ್ನೆಟ್ ಬಳಸುವುದಿಲ್ಲ, ಆದರೂ ಅದರ ಹಣ ತೆರುತ್ತಾರೆ. ಮಾತು ಮತ್ತು ಸಂದೇಶಕ್ಕಷ್ಟೇ ಪ್ರತ್ಯೇಕ ಪ್ಯಾಕ್ ಇರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ರೀಚಾರ್ಜ್ ಅಂಗಡಿಯಲ್ಲಿ ಅದನ್ನು ತಾವಾಗಿ ಹೇಳದಿದ್ದರೆ, ನೀವೇ ಕೇಳಿ ಪಡೆಯಿರಿ.