ಹಳೆಯ ಲಾರಿಯ ಬೆಲೆ

ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಆರಂಭವಾದದ್ದು 1980ರಲ್ಲಿ. ನಾವು ಹುಟ್ಟಿದ್ದೂ ಅದೇ ವರ್ಷ. ಬಾಡಿ ಕಟ್ಟದ ಹೊಸ ಚಾಸಿಗಳು ಸಾಲಾಗಿ ಹೋಗುವುದನ್ನೂ, ಅವುಗಳ ಮೇಲೆ ಚಾಲಕರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕುಳಿತಿರುವುದನ್ನೂ ನೋಡುತ್ತ ಬೆಳೆದವರು ನಾವು. ಆದರೆ ನಮ್ಮ ಮನೆಯ ಲಾರಿ ಹೊಸದಲ್ಲ. 1991ರ ಮಾಡೆಲ್, ಬೇರೊಬ್ಬರ ಕೈಯಲ್ಲಿ ಐದು ವರ್ಷ ದುಡಿದು ಬಂದದ್ದು. ತಂದೆಯವರು ಅದರಲ್ಲಿ ತಳಿ, ದೇಂಕಣಿಕೋಟೆ ಕಡೆಯ ಕೋಸು, ಟೊಮೇಟೊಗಳನ್ನು ಬೆಂಗಳೂರಿಗೂ ಅದರಾಚೆಗೂ ಸಾಗಿಸುತ್ತಿದ್ದರು.

2002ರಲ್ಲಿ ನಮಗೆ ಬಿ.ಎಡ್. ಸೇರುವ ಆಸೆ. ಅದೇ ಸಮಯಕ್ಕೆ ಲಾರಿಗೆ ಹನ್ನೊಂದು ವರ್ಷ ತುಂಬಿತು. ಸಾಮಾನ್ಯ ಲಾರಿಗೆ ಹನ್ನೆರಡು ವರ್ಷ ದಾಟಿದರೆ ನ್ಯಾಷನಲ್ ಪರ್ಮಿಟ್ ಇಲ್ಲ. ಅದಿಲ್ಲದ ಲಾರಿ ಇಟ್ಟಿಗೆ, ಮರಳು ಹೊರುವ ಊರಗಾಡಿಯಾಗುತ್ತದೆ. ಬೆಲೆ ಒಂದೇ ಏಟಿಗೆ ಇಳಿಯುತ್ತದೆ. ಗಡಿಯಲ್ಲಿರುವ ನಮಗೆ ಬೆಂಗಳೂರೂ ಹೊರರಾಜ್ಯವೇ ತಾನೆ! ಮಾರುವುದಾದರೆ ಈಗಲೇ ಎಂದು ತಂದೆಯವರು ನಿಶ್ಚಯಿಸಿದರು.

ತಿರುಚೆಂಗೋಡಿನ ಕಡೆಯಿಂದ ಒಬ್ಬರು ಬಂದರು. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವವರಿಗಿಂತಲೂ ಸೂಕ್ಷ್ಮ ಅವರ ಕಣ್ಣು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು ಹೊಗೆ ಬರುತ್ತದೆಯೇ ಎಂದು ನೋಡಿದರು. ಟೈರುಗಳಲ್ಲಿ ಎಷ್ಟು ಅಸಲು, ಎಷ್ಟು ರೀಟ್ರೆಡ್ ಎಂದು ಎಣಿಸಿದರು. ಗಾಡಿ ಓಡಿಸಿ ಗೇರ್‌ಬಾಕ್ಸಿನ ಸದ್ದು ಕೇಳಿದರು. ತೆರಿಗೆ, ವಿಮೆ, ಎಫ್.ಸಿ. ಎಲ್ಲವನ್ನೂ ನೋಡಿ, ಸಾಲ ತೀರಿದೆಯೇ ಎಂದು ವಿಚಾರಿಸಿದರು. ಕೊನೆಗೆ 1,75,000 ರೂಪಾಯಿಗೆ ಮಾತಾಯಿತು.

ಕರಾರು ಪತ್ರ ತಮಿಳಿನಲ್ಲಿ ಆಗಬೇಕು. ತಂದೆಯವರಿಗೆ ತಮಿಳು ಮಾತು ಬರುತ್ತಿತ್ತು, ಬರಹ ಬಾರದು. ಕನ್ನಡದ ಜೊತೆಗೆ ತಮಿಳನ್ನೂ ಶಾಲೆಯಲ್ಲಿ ಕಲಿತಿದ್ದ ನಾವೇ ಬರೆದೆವು. ಮುಗಿಸುವ ಹೊತ್ತಿಗೆ ತಂದೆಯವರು, "ಇನ್ನೊಂದು ಸಾಲು ಸೇರಿಸು ಮಗ. ಹಿಂದುಗಡೆ ಸ್ಪ್ರಿಂಗ್ ಪಟ್ಟಿ ಕೂಡೋ ಕಡೆ ಚಾಸಿ ಬಿರುಕು ಬಿಟ್ಟಿತ್ತು, ಬೆಸುಗೆ ಹಾಕಿಸಿದೀವಿ ಅಂತ ಬರಿ. ಅವರೇ ನೋಡಿರ್ತಾರೆ ಅಂದ್ಕೊಂಡಿದ್ದೆ," ಎಂದರು.

ನಮ್ಮ ಕೈ ನಿಂತಿತು. ಹಿಂದೊಮ್ಮೆ ಮಿತಿಮೀರಿ ಗ್ರಾನೈಟ್ ಕಲ್ಲು ಹೇರಿದ್ದರ ಫಲ ಆ ಬಿರುಕು. ಗ್ರೀಸೂ ಬಣ್ಣವೂ ಅದನ್ನು ಮುಚ್ಚಿದ್ದವು. ತಂದೆಯವರು ಸುಮ್ಮನೆ ನಮ್ಮ ಮುಖ ನೋಡುತ್ತಿದ್ದರು. ಬರೆದೆವು.

ಬಂದವರು ಟಾರ್ಚ್ ಹಿಡಿದು ಮತ್ತೆ ಗಾಡಿಯ ಕೆಳಗೆ ನುಸುಳಿದರು. ಹೊರಬಂದು ಕೈ ಒರೆಸಿಕೊಳ್ಳುತ್ತ, "ನೀವು ಹೇಳದಿದ್ದರೆ ನನಗೆ ತಿಳೀತಿರಲಿಲ್ಲ ಅಣ್ಣಾ," ಎಂದು ತಮಿಳಿನಲ್ಲಿ ಹೇಳಿದರು. ಹೇಳಿ, 25,000 ರೂಪಾಯಿ ಇಳಿಸಿದರು.

ಆ ರಾತ್ರಿ ತಾಯಿಯವರು, "ಸತ್ಯ ಹೇಳೋದಕ್ಕೆ ಮಗನ ಫೀಸಿನ ದುಡ್ಡೇ ಬೇಕಿತ್ತಾ ನಿಮಗೆ?" ಎಂದು ಅತ್ತರು. ತಂದೆಯವರು, "ನಾಳೆ ಆ ಗಾಡೀಲಿ ಇನ್ಯಾರೋ ಮನೆ ಮಗ ಕೂತಿರ್ತಾನೆ," ಎಂದಷ್ಟೇ ಹೇಳಿ ಮಲಗಿದರು.

ಹಳೆಯ ಸಾಲಗಳು ತೀರಿದವು, ಫೀಸಿಗೆ ಉಳಿಯಲಿಲ್ಲ. ನಾವು ಒಂದು ವರ್ಷ ಕಾಯಬೇಕಾಯಿತು. ತಂದೆಯವರೊಡನೆ ಸರಿಯಾಗಿ ಮಾತನಾಡದೆ ಕಳೆದ ತಿಂಗಳುಗಳು ಅವು. ಬೇಸರ ಕಳೆಯಲು ಜಗಲಿಯ ಮೇಲೆ ನೆರೆಮನೆಯ ಮಕ್ಕಳಿಗೆ ಕಾಗುಣಿತ ಹೇಳಿಕೊಡತೊಡಗಿದೆವು. ನಾಲ್ವರಿದ್ದವರು ಹದಿನಾಲ್ವರಾದರು. 2003ರಲ್ಲಿ ಬಿ.ಎಡ್. ಸೇರಿದಾಗ ನಾವು ಆಗಲೇ ಅರ್ಧ ಮೇಷ್ಟರಾಗಿದ್ದೆವು.

ಹಳೆಯ ಲಾರಿಯ ದಾರಿ ಈಚೆಗೆ ಇನ್ನೂ ಕಿರಿದಾಗಿದೆ. 2020ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಬಿ.ಎಸ್.-6 ನಿಯಮ ಬಂತು. ಹದಿನೈದು ವರ್ಷ ದಾಟಿದ ಭಾರಿ ವಾಹನಗಳ ಎಫ್.ಸಿ. ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 1,500ರಿಂದ 12,500 ರೂಪಾಯಿಗೆ ಏರಿಸಿತು. ಕಟ್ಟಕಡೆಗೆ ಎಲ್ಲ ಲಾರಿಗೂ ಉಳಿಯುವುದು ಗುಜರಿಯವನು ತೂಗುವ ಕಬ್ಬಿಣದ ಬೆಲೆಯೇ.

ತಂದೆಯವರು ಈಗಿಲ್ಲ. ಕರಾರು ಪತ್ರದ ನಕಲು ನಮ್ಮ ಪೆಟ್ಟಿಗೆಯಲ್ಲಿದೆ. ಪ್ರಾಮಾಣಿಕತೆಯ ಬಗ್ಗೆ ನಿಮ್ಮಿಂದ ಪ್ರಬಂಧ ಬರೆಸಿ ತಿದ್ದುವಾಗಲೆಲ್ಲ, ಮಕ್ಕಳೇ, ನಮಗೆ ಅದು ನೆನಪಾಗುತ್ತದೆ. ಅದರಲ್ಲಿ ಅಕ್ಷರವೆಲ್ಲ ದುಂಡಗಿದೆ. ಕೊನೆಯ ಸಾಲು ಮಾತ್ರ ಸೊಟ್ಟಗಿದೆ.