ಕೈ ಬೇಡಿದ್ದು, ಎದೆ ತೆತ್ತಿದ್ದು

ಉಮರ್ಗಾದಲ್ಲಿ ಇನ್ನೂ ಬೆಳಕು ಹರಿದಿಲ್ಲ. ನೀವು ಮಣೆಯ ಮೇಲೆ ಕೂತಿದ್ದೀರಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಮೂಗಿಗೆ ವಿಭೂತಿಯ ಒಣ ವಾಸನೆ, ಹಿತ್ತಿಲಿಂದ ಸಗಣಿಯ ಹಸಿ ವಾಸನೆ. ಕೈ ತೊಡೆಯ ಮೇಲಿದ್ದಾಗ ಅದಕ್ಕೇನೂ ಆಗಿರಲಿಲ್ಲ. ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಎತ್ತುತ್ತೀರಿ, ನಡುಕ ಶುರುವಾಗುತ್ತದೆ. ಮೊದಲು ಬೆರಳು, ಆಮೇಲೆ ಮಣಿಕಟ್ಟು. ಬಲಗೈಯ ತಂಬಿಗೆಯೂ ನಡುಗುತ್ತಿದೆ. ಲಿಂಗದ ಮೇಲೆ ಬೀಳಬೇಕಾದ ನೀರು ಮುಂಗೈ ಮೇಲೆ ಹರಿದು, ಮೊಣಕೈಯಿಂದ ಧೋತರಕ್ಕೆ ತಣ್ಣಗೆ ಇಳಿಯುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುತ್ತೀರಿ. ಒತ್ತಿದಷ್ಟೂ ಹೆಚ್ಚುತ್ತದೆ. ಜಾರಿದರೆ? ಬಾಯಲ್ಲಿದ್ದ ಮಂತ್ರ ಅಲ್ಲೇ ನಿಂತುಹೋಗುತ್ತದೆ. ಬಿಗಿಯಾಗಿ ಹಿಡಿಯುವುದೊಂದೇ ಈಗ ನಿಮ್ಮ ಪೂಜೆ.

“ಮಾವಾರ, ಚಹಾ ಇಟ್ಟೀನ್ರಿ.” ಸೊಸೆ ಸ್ಟೀಲಿನ ಗ್ಲಾಸು ಇಟ್ಟು ಹೋಗುತ್ತಾಳೆ, ಅರ್ಧ ಮಾತ್ರ ತುಂಬಿದ್ದು. ಕಪ್ಪು-ಬಸಿ ಕೊಡುವುದನ್ನು ಅವಳು ಯಾವಾಗಲೋ ನಿಲ್ಲಿಸಿದ್ದಾಳೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಿಲ್ಲ. ನೀವು ಎರಡೂ ಕೈಯಲ್ಲಿ ಗ್ಲಾಸು ಹಿಡಿದು ಬಾಯನ್ನೇ ಅದರ ಹತ್ತಿರ ಒಯ್ಯುತ್ತೀರಿ.

ನಿಮ್ಮ ಅಕ್ಕನ ಲೆಕ್ಕದಲ್ಲಿ ಇದು ಭೂಕಂಪದ ರಾತ್ರಿ ಹತ್ತಿದ ಅಂಜಿಕೆ. 1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ಮಲಗಿದ್ದ ಊರುಗಳು ಕಲ್ಲುಗೋಡೆಗಳ ಕೆಳಗೆ ಸಿಕ್ಕವು. ಕಿಲ್ಲಾರಿ, ಸಾಸ್ತೂರ ಇಲ್ಲಿಂದ ದೂರವೇನಲ್ಲ. ಸುಮಾರು ಹತ್ತು ಸಾವಿರ ಜನ ಸತ್ತರು. “ಅವತ್ತಿನ ಅಂಜಿಕಿ ನಿನ್ನ ಕೈಯಾಗ ಕುಂತದ” ಎನ್ನುತ್ತಾಳೆ ಅಕ್ಕ. ಅಂಜಿಕೆ ನಡುಕವನ್ನು ಹೆಚ್ಚಿಸುತ್ತದೆ, ನಿಜ. ಆದರೆ ನಿಮ್ಮ ಅಪ್ಪ ಆ ಭೂಕಂಪಕ್ಕಿಂತ ಬಹಳ ಮೊದಲೇ ತೀರಿಕೊಂಡವರು. ಅವರು ಸಹಿ ಮಾಡುವಾಗ ಎಡಗೈಯಿಂದ ಬಲಗೈ ಹಿಡಿದುಕೊಳ್ಳುತ್ತಿದ್ದದ್ದು ನಿಮಗೆ ನೆನಪಿದೆ. ಈ ನಡುಕ ಬಹಳ ಸಲ ರಕ್ತದಲ್ಲೇ ಇಳಿದು ಬರುತ್ತದೆ.

ಇವತ್ತು ಉದಗೀರದಲ್ಲಿ ಮದುವೆ. ನಿಲಂಗಾದಲ್ಲಿ ಎಸ್ಟಿ ಬಸ್ಸು ಬದಲಿಸಬೇಕು. ನಿಲ್ದಾಣದಲ್ಲಿ ಹಳೆಯ ಗೆಳೆಯರೊಬ್ಬರು ಸಿಗುತ್ತಾರೆ, ಅವರೂ ಅದೇ ಮದುವೆಗೆ ಹೊರಟವರು. ಟಿಕೆಟಿಗೆ ಚಿಲ್ಲರೆ ಎಣಿಸುವಾಗ ನಾಣ್ಯಗಳು ನಿಮ್ಮ ಬೆರಳಿಂದ ಉದುರುತ್ತವೆ. ಅವರು ಬಗ್ಗಿ ಆರಿಸಿ ಕೊಟ್ಟು ನಿಮ್ಮ ಕೈಯನ್ನೇ ನೋಡುತ್ತಾರೆ. “ನನಗ ಬಿ.ಪಿ.ಗಿ ಕೊಟ್ಟಾರ. ಕೈ ನಡಗೂದಕೂ ಇದನ್ನೇ ಕೊಡ್ತಾರಂತ. ಒಂದ್ ನುಂಗ್ರಿ, ತಣ್ಣಗಾಗ್ತದ.” ಪಟ್ಟಿ ಹರಿದ ಸದ್ದು. ಅಂಗೈಯಲ್ಲಿ ಸಣ್ಣದೊಂದು ಗುಳಿಗೆ, ಪ್ರೊಪ್ರನಲಾಲ್ 40.

ನುಂಗಲೋ ಬೇಡವೋ? ಚಪ್ಪರದಲ್ಲಿ ನೂರಾರು ಜನರ ನಡುವೆ ಅಕ್ಷತೆ ಎತ್ತುವ ಕೈ, ಪಂಕ್ತಿಯಲ್ಲಿ ಸಾರು ಚೆಲ್ಲುವ ಕೈ, ಬೀಗರ ಮಗ್ಗುಲಲ್ಲಿ ಕೂತ ಯಾರೋ “ಕಾಕಾ ಕುಡೀತಾರೇನು?” ಎಂದು ಪಿಸುಗುಡುವುದು, ಎಲ್ಲವೂ ಕಣ್ಣ ಮುಂದೆ ಬರುತ್ತವೆ. ಅಂಗಿಯ ಜೇಬಿನಲ್ಲಿ ದಮ್ಮಿನ ಪಂಪು ಇದೆ. ಅದರ ನೆನಪು ನಿಮಗೆ ಬರುವುದಿಲ್ಲ. ಯಾಕೆ ಬರಬೇಕು? ಅದು ಎದೆಗೆ, ಇದು ಕೈಗೆ. ನುಂಗಿಬಿಡುತ್ತೀರಿ.

ಬಸ್ಸು ಕರಿನೆಲದ ನಡುವೆ ಓಡುತ್ತದೆ. ಕಿಟಕಿಯಿಂದ ಡೀಸೆಲ್ ಹೊಗೆ, ಧೂಳು, ಒಣಗಿದ ಸೋಯಾದ ಹೊಟ್ಟಿನ ವಾಸನೆ. ಗಂಟೆ ಕಳೆಯುವಷ್ಟರಲ್ಲಿ ಏನೋ ಬದಲಾಗಿದೆ. ಎದೆಬಡಿತ ನಿಧಾನವಾಗಿದೆ. ನೀವು ಕೈ ಮುಂದೆ ಚಾಚಿ ನೋಡುತ್ತೀರಿ. ಬೆರಳು ಇನ್ನೂ ಅಲುಗುತ್ತಿವೆ, ಆದರೆ ಎಷ್ಟು ಕಡಿಮೆ! ಮತ್ತೆ ಚಾಚುತ್ತೀರಿ. ಅಳು ಬಂದಂತಾಗುತ್ತದೆ.

ಒಳಗೆ ನಡೆದದ್ದು ಇಷ್ಟು. ಅಂಜಿದಾಗ, ಆತುರಪಟ್ಟಾಗ ರಕ್ತಕ್ಕೆ ಅಡ್ರಿನಲಿನ್ ಇಳಿಯುತ್ತದೆ. ತೋಳಿನ ಸ್ನಾಯುಗಳಲ್ಲಿ ಅದನ್ನು ಬರಮಾಡಿಕೊಳ್ಳುವ ಬೀಟಾ-2 ರಿಸೆಪ್ಟರುಗಳಿವೆ, ಅವು ಕೆರಳಿದರೆ ನಡುಕ ಏರುತ್ತದೆ. ಪ್ರೊಪ್ರನಲಾಲ್ ಆ ರಿಸೆಪ್ಟರುಗಳ ಮೇಲೆ ತಾನೇ ಹೋಗಿ ಕೂರುತ್ತದೆ, ಅಡ್ರಿನಲಿನ್ನಿಗೆ ಜಾಗ ಸಿಗುವುದಿಲ್ಲ. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಇದನ್ನು ರೂಪಿಸಿದ್ದು ಹೃದಯದ ನೋವಿಗಾಗಿ. ಅವರಿಗೆ 1988ರಲ್ಲಿ ನೊಬೆಲ್ ಬಂತು. ಕೈನಡುಕಕ್ಕೂ ಇದು ಆಗಿಬಂದದ್ದು ಆಮೇಲೆ ತಿಳಿದ ಸಂಗತಿ.

ಉದಗೀರ ಇನ್ನೂ ಬಂದಿಲ್ಲ. ಗಂಟಲಲ್ಲಿ ಕೆರೆತ. ಧೂಳಿರಬೇಕು. ಕೆಮ್ಮುತ್ತೀರಿ. ಉಸಿರು ಬಿಡುವಾಗ ಎದೆಯೊಳಗೆ ಸಣ್ಣ ಸಿಳ್ಳು. ಕಿಟಕಿ ಪೂರ್ತಿ ತೆರೆಯುತ್ತೀರಿ. ಸಿಳ್ಳು ದೊಡ್ಡದಾಗುತ್ತದೆ. ಎಳೆದ ಗಾಳಿ ಒಳಗೇ ಸಿಕ್ಕಿಕೊಂಡಿದೆ, ಹೊರಗೆ ಬರುತ್ತಿಲ್ಲ. ಪಂಪು ತೆಗೆದು ಒತ್ತುತ್ತೀರಿ. ನಾಲಿಗೆಯ ಮೇಲೆ ಔಷಧದ ಕಹಿ. ಕಾಯುತ್ತೀರಿ. ಏನೂ ಇಲ್ಲ. ಮತ್ತೆ ಒತ್ತುತ್ತೀರಿ. ಏನೂ ಇಲ್ಲ. ಯಾವಾಗಲೂ ಕೈಹಿಡಿಯುತ್ತಿದ್ದ ಪಂಪು ಇದು! ಹೆಗಲು ಮೇಲೆದ್ದಿದೆ, ಕೊರಳ ನರ ಬಿಗಿದಿವೆ, ಬೆವರು ತಣ್ಣಗಿದೆ. ಗೆಳೆಯರು ಕೂಗುತ್ತಾರೆ, “ಗಾಡಿ ದವಾಖಾನಿ ಮುಂದ ನಿಂದ್ರಸ್ರೀ!”

ಉದಗೀರದ ದವಾಖಾನೆಯಲ್ಲಿ ಮುಖಕ್ಕೆ ಆಕ್ಸಿಜನ್ ಬರುತ್ತದೆ. ಎಳೆಯ ಡಾಕ್ಟರು ಮೊದಲು ಕೇಳುವ ಮಾತು, “ಕಾಕಾ, ಏನ್ ನುಂಗೀರಿ?” ನಿಮಗೆ ಮಾತು ಬರುವುದಿಲ್ಲ. ಗೆಳೆಯರು ಪಟ್ಟಿ ತೋರಿಸುತ್ತಾರೆ. ಡಾಕ್ಟರ ಮುಖ ಗಟ್ಟಿಯಾಗುತ್ತದೆ. ಶ್ವಾಸನಾಳದ ಸ್ನಾಯುಗಳಲ್ಲೂ ಇರುವುದು ಅದೇ ಬೀಟಾ-2. ಅಲ್ಲಿ ಅದರ ಕೆಲಸ ನಾಳವನ್ನು ಸಡಿಲ ಬಿಡುವುದು. ನಿಮ್ಮ ಪಂಪಿನ ಸಾಲ್ಬ್ಯುಟಮಾಲ್ ತಟ್ಟುವುದೂ ಅದನ್ನೇ. ಕೈಗೆಂದು ನುಂಗಿದ ಗುಳಿಗೆ ಎದೆಯ ಆ ಜಾಗಗಳನ್ನೂ ಹಿಡಿದು ಕೂತಿದೆ. ಪಂಪಿನ ಮದ್ದಿಗೆ ಕೂರಲು ಎಡೆಯೇ ಉಳಿದಿಲ್ಲ.

ಅದಕ್ಕೇ ಡಾಕ್ಟರು ನೆಬುಲೈಜರಿಗೆ ಇಪ್ರಾಟ್ರೋಪಿಯಂ ಹಾಕಿಸುತ್ತಾರೆ. ಅದು ಹಿಡಿಯುವ ರಿಸೆಪ್ಟರೇ ಬೇರೆ, ಮಸ್ಕರಿನಿಕ್. ತೇವದ ಹೊಗೆ ಮೂಗಿಗೆ ನುಗ್ಗುತ್ತದೆ. ಒಂದು ಉಸಿರು. ಇನ್ನೊಂದು. ಸಿಳ್ಳು ಒಮ್ಮೆಲೇ ನಿಲ್ಲುವುದಿಲ್ಲ, ಎಳೆ ಎಳೆಯಾಗಿ ಬಿಡುತ್ತದೆ. ಊರಾಚೆಯ ಮದುವೆಯ ಬ್ಯಾಂಡು ಈಗ ಕಿವಿಗೆ ಬೀಳುತ್ತದೆ.

ನಮ್ಮ ಕಡೆ ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡುವುದು ಪ್ರೀತಿಯ ಗುರುತು. ಆ ಪ್ರೀತಿ ದೊಡ್ಡದೇ. ಆದರೆ “ದಮ್ಮು ಅದ ಏನು?” ಎಂಬ ಒಂದು ಪ್ರಶ್ನೆ ಕೇಳದೆ ಈ ಗುಳಿಗೆ ಯಾರ ಕೈಗೂ ಹೋಗಬಾರದು.

ಆಮೇಲೆ ಲಾತೂರು. ನರರೋಗ ತಜ್ಞರು ಹಾಳೆ ಕೊಟ್ಟು ಸುರುಳಿ ಬರೆಯಲು ಹೇಳುತ್ತಾರೆ. ನಿಮ್ಮ ಗೆರೆ ಗರಗಸದ ಹಲ್ಲಿನಂತೆ ಏಳುತ್ತ ಬೀಳುತ್ತ ಹೋಗುತ್ತದೆ. ತೊಡೆಯ ಮೇಲೆ ಬಿಟ್ಟ ಕೈ ಸುಮ್ಮನಿದೆ, ಎತ್ತಿದ ಎರಡೂ ಕೈ ನಡುಗುತ್ತವೆ, ನಡೆಯುವ ರೀತಿ ಸರಿಯಿದೆ. ಪಾರ್ಕಿನ್ಸನ್ ಅಲ್ಲ, ಎಸೆನ್ಶಿಯಲ್ ಟ್ರೆಮರ್ ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ ಮರಾಠಿಯಲ್ಲಿ ಕೇಳುತ್ತಾರೆ: ಕುಡಿದಾಗ ಕಡಿಮೆಯಾಗುತ್ತದೆಯೇ? ಕೊರಳಲ್ಲಿ ಲಿಂಗ, ಪಕ್ಕದಲ್ಲಿ ಮಗ. ಕಿವಿ ಬಿಸಿಯಾಗುತ್ತದೆ. ಹರೆಯದಲ್ಲಿ ಒಮ್ಮೆ ಶಿಂದಿ ಕುಡಿದ ಸಂಜೆ ಕೈ ಹಗುರಾಗಿತ್ತು, ಮರುದಿನ ಇಮ್ಮಡಿ ನಡುಗಿತ್ತು. ಹೇಳಲೋ ಬೇಡವೋ? ಹೇಳುತ್ತೀರಿ.

ಹೇಳಿದ್ದೇ ಒಳ್ಳೆಯದಾಯಿತು. ಆ ಉತ್ತರ ಮಿದುಳಿನ ಕಡೆ ಬೆರಳು ತೋರಿಸುತ್ತದೆ. ಮದ್ಯ ಬಲಪಡಿಸುವ ಸಂಕೇತಗಳಲ್ಲಿ ಗಾಬಾ ಎಂಬ ಶಾಂತಗೊಳಿಸುವ ರಾಸಾಯನಿಕದ್ದೂ ಒಂದು, ಅದನ್ನು ಹಿಡಿಯುವವು ಗಾಬಾ-ಎ ರಿಸೆಪ್ಟರುಗಳು. ಕೆನಡಾದ ಸಂಶೋಧಕರು ಈ ನಡುಕವಿದ್ದು ತೀರಿಕೊಂಡವರ ಕಿರುಮೆದುಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿನ ಡೆಂಟೇಟ್ ಎಂಬ ಕೇಂದ್ರದಲ್ಲಿ ಈ ರಿಸೆಪ್ಟರುಗಳು ಸುಮಾರು ಮೂರನೇ ಒಂದು ಪಾಲು ಕಡಿಮೆಯಿದ್ದವು. ತಡೆಯುವ ಕೈ ಸೋತ ಕಡೆ ಬಹುಶಃ ನರಕೋಶಗಳು ಸೆಕೆಂಡಿಗೆ 4ರಿಂದ 12 ಸಲ ಮಿಡಿಯುವ ಲಯಕ್ಕೆ ಬೀಳುತ್ತವೆ, ಆ ಲಯ ನಿಮ್ಮ ಬೆರಳಿನವರೆಗೆ ಬರುತ್ತದೆ.

ಹಾಗಾದರೆ ಅಲ್ಲಿಗೇ ಮದ್ದು ಕಳಿಸಬಾರದೇ? ಡಾಕ್ಟರು ಪ್ರಿಮಿಡೋನ್ ಬರೆಯುತ್ತಾರೆ, ಅದೂ ಫಿಟ್ಸಿಗೆಂದು ಬಂದ ಹಳೆಯ ಔಷಧ. ದೇಹದೊಳಗೆ ಅದರ ಒಂದು ಪಾಲು ಫಿನೊಬಾರ್ಬಿಟಾಲ್ ಆಗಿ ಗಾಬಾ-ಎ ಮೇಲೆ ಕೆಲಸ ಮಾಡುತ್ತದೆ. ಆದರೆ ಗಾಬಾ-ಎ ಇರುವುದು ಕಿರುಮೆದುಳಿನಲ್ಲಿ ಮಾತ್ರವಲ್ಲ, ಎಚ್ಚರ, ನಿದ್ದೆ, ನೆನಪು, ನಡಿಗೆಯ ಸಮತೋಲ ನೋಡಿಕೊಳ್ಳುವ ಎಲ್ಲ ಕಡೆಯೂ ಇದೆ. ಆಲ್ಫಾ-6 ಎಂಬ ಭಾಗವುಳ್ಳ ಬಗೆಯೊಂದು ಹೆಚ್ಚಾಗಿ ಕಿರುಮೆದುಳಿನಲ್ಲೇ ಸಿಗುತ್ತದೆ. ಇಲಿಗಳ ನಡುಕದ ಮೇಲೆ ಅದನ್ನು ಪರೀಕ್ಷಿಸಿದವರಿದ್ದಾರೆ. ನರಕೋಶದ ಲಯಕ್ಕೇ ಕೈಹಾಕುವ, ಟಿ-ಟೈಪ್ ಕ್ಯಾಲ್ಸಿಯಂ ದ್ವಾರಗಳನ್ನು ತಡೆಯುವ ಮದ್ದುಗಳನ್ನೂ ರೋಗಿಗಳ ಮೇಲೆ ಪರೀಕ್ಷಿಸಲಾಗಿದೆ. ಇಷ್ಟು ಜನರ ಕೈಯನ್ನು ಹಿಡಿದ ಕಾಯಿಲೆ ಇಷ್ಟು ದಿನ ಬೇರೆ ರೋಗಗಳಿಂದ ಸಾಲ ತಂದ ಗುಳಿಗೆಗಳಲ್ಲೇ ಬದುಕಿದ್ದು ನನಗೆ ಅನ್ಯಾಯವೆನಿಸುತ್ತದೆ. ಮುಪ್ಪು ಎಂದು ಕೈಬಿಟ್ಟ ರೋಗಕ್ಕೆ ಯಾರು ಆತುರಪಡುತ್ತಾರೆ?

ಮೊದಲ ರಾತ್ರಿ. ಸೊಸೆ ಗುಳಿಗೆಯನ್ನು ಚಾಕುವಿನಿಂದ ನಾಲ್ಕು ತುಂಡು ಮಾಡಿ ಒಂದನ್ನು ಕೊಡುತ್ತಾಳೆ. ನಡುರಾತ್ರಿ ಏಳುತ್ತೀರಿ, ನೆಲ ಓಲುತ್ತದೆ. ಗೋಡೆ ಹಿಡಿದರೆ ಗೋಡೆಯೂ. ಬಾಯಿಗೆ ಹುಳಿ ಬಂದು ಬಚ್ಚಲಲ್ಲೇ ಕುಸಿದು ಕೂರುತ್ತೀರಿ. ಬೆಳಿಗ್ಗೆ ತಲೆ ಭಾರ, ಕೈ ಮೊದಲಿನಂತೆಯೇ. ಮಗ ಡಾಕ್ಟರಿಗೆ ಫೋನು ಮಾಡುತ್ತಾನೆ. ಮೊದಲ ಡೋಸಿಗೆ ಬಹಳ ಜನರಿಗೆ ಹೀಗಾಗುತ್ತದೆ, ದಿನ ಕಳೆದಂತೆ ಇಳಿಯುತ್ತದೆ, ತಡೆಯದಿದ್ದರೆ ಇನ್ನೂ ಕಡಿಮೆಯಿಂದ ಹತ್ತೋಣ ಎನ್ನುತ್ತಾರೆ ಡಾಕ್ಟರು. ಫಲ ಸಿಕ್ಕವರಲ್ಲೂ ನಡುಕ ಸುಮಾರು ಅರ್ಧಕ್ಕೆ ಇಳಿದೀತು, ಪೂರ್ತಿ ಹೋಗುವ ಮಾತಿಲ್ಲ, ಕೆಲವರಿಗೆ ಹತ್ತುವುದೇ ಇಲ್ಲ ಎಂದೂ ಮೊದಲೇ ಹೇಳಿದ್ದಾರೆ.

ಅರ್ಧ ನಡುಕಕ್ಕೆ ಇಷ್ಟು ತಲೆಸುತ್ತು ತೂಗುತ್ತದೆಯೇ? ದಿನವಿಡೀ ಅದನ್ನೇ ಯೋಚಿಸುತ್ತೀರಿ. ಸೊಸೆ ನಿಮ್ಮ ಜೇಬಿನ ಚೀಟಿಯಲ್ಲಿ ಮರಾಠಿಯಲ್ಲೂ ಕನ್ನಡದಲ್ಲೂ ದಪ್ಪಗೆ ಬರೆದಿಟ್ಟಿದ್ದಾಳೆ: ದಮ್ಮು ಇದೆ, ಪ್ರೊಪ್ರನಲಾಲ್ ಕೊಡಬಾರದು. ರಾತ್ರಿ ಊಟವಾದ ಮೇಲೆ ಚಾಕು ಹಿಡಿದು ಬಂದು ಕೇಳುತ್ತಾಳೆ.

“ಇವತ್ತೂ ಕಾಲೇ ಕೊಡ್ಲೇನ್ರಿ ಮಾವಾರ? ಇಲ್ಲಾ ಬಿಟ್ಟೇ ಬಿಡ್ತೀರೇನ್?”

“ಅದರಾಗ ಅರ್ಧಾ ಮಾಡವ್ವಾ,” ಎನ್ನುತ್ತೀರಿ. “ಬಿಡೂದು ಬ್ಯಾಡ.”